ದಸರೆಗೆ ಊರಿಗೆ ಬಂದಿದ್ದೇನೆ. ನವೆಂಬರಿಗೆ ಮತ್ತೆ ಥಾಯ್ಲೆಂಡ್ ಕ್ಲಾಸಿಗೆ ಹೋಗಲೋ ಬೇಡವೋ?

ಬಿಜಾಪುರದ ಟೀಚಾ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ. ಮನೆಯಲ್ಲಿ ಹೇಳೋಕೆ ಆಗದ್ದನ್ನೆಲ್ಲ ಇಲ್ಲಿ ಸುರಿಯುತ್ತಿದ್ದೇನೆ.

ಊರು ವಿಜಯಪುರ, ವಯಸ್ಸು 27. ಎಂಎ ಇಂಗ್ಲಿಷ್ ಮುಗಿಸಿ ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಎರಡು ವರ್ಷ ಪಾಠ ಮಾಡಿದೆ. ಆಮೇಲೆ ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸಲು ಬೇಕಾದ 120 ಗಂಟೆಯ ಟೆಸಾಲ್ ಕೋರ್ಸ್, ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಟೋಯಿಕ್ ಪರೀಕ್ಷೆ ಎಲ್ಲ ಮುಗಿಸಿ ಈ ಮೇ ತಿಂಗಳಲ್ಲಿ ಥಾಯ್ಲೆಂಡಿಗೆ ಹೋದೆ. ಬ್ಯಾಂಕಾಕ್ ಅಲ್ಲ. ಈಶಾನ್ಯದ ಇಸಾನ್ ಸೀಮೆ, ಖೊನ್ ಕೇನ್‌ನಿಂದ ಬಸ್ಸಿನಲ್ಲಿ ಒಂದೂವರೆ ತಾಸು. ಬಯಲು, ಬಿಸಿಲು, ಮಳೆ ನಂಬಿ ಕೂತ ರೈತರು. ಮೊದಲ ದಿನ ಬಸ್ಸಿನ ಕಿಟಕಿಯಿಂದ ನೋಡಿ "ಅಯ್ಯ, ಇದು ನಮ್ಮ ಇಂಡಿ ರೋಡ್ ಇದ್ದಂಗೇ ಇದೆಯಲ್ಲ" ಅಂದುಕೊಂಡಿದ್ದೆ. ಜೋಳದ ಬದಲು ಭತ್ತ, ಅಷ್ಟೇ.

ಮೊದಲ ಎರಡು ತಿಂಗಳು ನೆಲದ ಮೇಲೆ ಕಾಲೇ ಇರಲಿಲ್ಲ. ಬೆಳಿಗ್ಗೆ ಏಳೂವರೆಗೆ ಗೇಟಿನ ಬಳಿ ನಿಲ್ಲಬೇಕು, ಮಕ್ಕಳು ಕೈ ಮುಗಿದು ಒಳಗೆ ಬರುತ್ತಾರೆ. ಎಂಟಕ್ಕೆ ಬಾವುಟ, ರಾಷ್ಟ್ರಗೀತೆ. ಹಾಜರಿ ಕರೆಯೋದಂತೂ ಮಜಾ. ಅಲ್ಲಿ ಉದ್ದದ ಹೆಸರು ದಾಖಲೆಗೆ ಮಾತ್ರ, ಕರೆಯೋ ಹೆಸರು ಬೇರೆ. ಐಸ್, ಬ್ಯಾಂಕ್, ಬೆಂಜ್, ಮಿಂಟ್. ಒಬ್ಬ ಬೀರ್ ಕೂಡ ಇದ್ದಾನೆ. "ಇವತ್ತು ಬೀರ್ ಇರಲಿಲ್ಲ, ಕ್ಲಾಸು ಸಪ್ಪೆ ಅನ್ನಿಸಿತು" ಅಂತ ಫೋನಿನಲ್ಲಿ ಅಂದಾಗ ಅವ್ವ ಐದು ಸೆಕೆಂಡು ಮಾತೇ ಆಡಲಿಲ್ಲ.

ನಮ್ಮ ಅಜ್ಜಿ ಸ್ಕೂಲಿಗೆ "ಇಸ್ಕೂಲ್" ಅಂತಾಳೆ. ಅಲ್ಲಿನ ಮಕ್ಕಳು "ಸಕೂಲ್" ಅಂತಾರೆ. ನಾವು ಅಕ್ಷರ ಮುಂದೆ ಸೇರಿಸುತ್ತೇವೆ, ಅವರು ನಡುವೆ ಸೇರಿಸುತ್ತಾರೆ. ಟೀಚರ್ ಅನ್ನೋದನ್ನು "ಟೀಚಾ..." ಅಂತ ಎಳೆಯುತ್ತಾರೆ. ನನ್ನ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ, ನಾನು ಬರೀ ಟೀಚಾ.

ಜೂನಿನಲ್ಲಿ ಒಂದು ಗುರುವಾರ "ವಾಯ್ ಖ್ರೂ" ಅಂತ ಆಯ್ತು. ಖ್ರೂ ಅಂದರೆ ನಮ್ಮ ಗುರುನೇ. ಮಕ್ಕಳು ಮೊಣಕಾಲಲ್ಲಿ ತೆವಳಿಕೊಂಡು ಬಂದು ತಟ್ಟೆ ಕೊಟ್ಟರು. ತಟ್ಟೆಯಲ್ಲಿ ಏನಿತ್ತು ಗೊತ್ತಾ? ಗರಿಕೆ, ಬದನೆ ಹೂ, ಮತ್ತೆ ಗೊಂಚಲಾಗಿ ಬಿಡುವ ಕೆಂಪು ಹೂ. ಕರಾವಳಿಯವರು ಅದನ್ನೇ ಕೇಪಳ ಅಂತಾರೆ. ಪಕ್ಕದಲ್ಲಿದ್ದ ಟೀಚರ್ ಅರ್ಥ ಹೇಳಿದರು. ಗರಿಕೆ ತುಳಿದರೂ ಹಬ್ಬುತ್ತದೆ, ವಿದ್ಯೆ ಹಾಗೆ ಹಬ್ಬಲಿ. ಬದನೆ ಹೂ ಕಾಯಿ ಕಟ್ಟುವಾಗ ತಲೆ ಬಾಗಿಸುತ್ತದೆ, ಮಕ್ಕಳೂ ಹಾಗೆ ಬಾಗಲಿ. ಕೇಪಳದ ಮೊಗ್ಗು ಸೂಜಿ ಇದ್ದಂಗೆ, ಬುದ್ಧಿ ಹಾಗೆ ಚೂಪಾಗಲಿ. ಗರಿಕೆ ನಮಗೆ ಹೊಸದಲ್ಲ, ಗಣಪನಿಗೆ ಏರಿಸುತ್ತೇವೆ. ಆದರೆ ಬದನೆ ಹೂವನ್ನು ನಾನು ಹುಟ್ಟಿದಾಗಿಂದ ಸರಿಯಾಗಿ ನೋಡಿಯೇ ಇರಲಿಲ್ಲ. ಎಣ್ಣೆಗಾಯಿ ಆದಮೇಲೆ ಮಾತ್ರ ನನಗೂ ಬದನೆಗೂ ಪರಿಚಯ. ಅವತ್ತು ಎಲ್ಲರೆದುರು ಅತ್ತುಬಿಟ್ಟೆ.

ಜುಲೈ ಕೊನೆಗೆ ಎಲ್ಲ ಇಳಿಯಿತು. ಇದೇ ದಿನ ಅಂತ ಹೇಳೋಕೆ ಬರಲ್ಲ.

ಊಟ ಒಂದು ಕಾರಣ. ನಾವು ಮಾಂಸ, ಮೀನು ತಿನ್ನೋರಲ್ಲ. ತರಕಾರಿ ಅಂತ ತಿಂದದ್ದಕ್ಕೆಲ್ಲ ಮೀನಿನ ರಸ ಹಾಕಿರುತ್ತಾರೆ ಅಂತ ಗೊತ್ತಾಗಿದ್ದು ಆರು ವಾರದ ಮೇಲೆ. ಆ ರಾತ್ರಿ ಬಾಳೆಹಣ್ಣು, ಬ್ರೆಡ್ಡು. ಆಮೇಲೆ ಎಷ್ಟೋ ರಾತ್ರಿ ಅದೇ. ಅಲ್ಲಿ ಎಂಟಾದಾಗ ಇಲ್ಲಿ ಆರೂವರೆ. ಅವ್ವ ದೀಪ ಹಚ್ಚಿ ಫೋನ್ ಮಾಡುತ್ತಾಳೆ. "ಉಂಡೆಯಾ?" "ಉಂಡೆ." ದಿನಾ ಇದೇ ಸುಳ್ಳು.

ಎರಡನೆಯದು ಜಾಸ್ತಿ ಚುಚ್ಚಿದ್ದು. ನನ್ನನ್ನು ತೆಗೆದುಕೊಂಡದ್ದು ಒಂದು ಏಜೆನ್ಸಿ, ತಿಂಗಳಿಗೆ 22,000 ಬಾತ್. ಅದೇ ಶಾಲೆಯಲ್ಲಿ ನನ್ನ ಜೊತೆಗೇ ಸೇರಿದ ಇಂಗ್ಲೆಂಡಿನ ಹುಡುಗನಿಗೆ 35,000. ಅವನು ಓದಿದ್ದು ಕ್ರೀಡೆ. ಒಳ್ಳೆ ಹುಡುಗ, ಅವನ ಮೇಲೆ ಸಿಟ್ಟಿಲ್ಲ. ವ್ಯಾಕರಣದ ಪ್ರಶ್ನೆ ಬಂದರೆ ನನ್ನ ಮೇಜಿಗೇ ಬಂದು ಕೇಳುತ್ತಾನೆ. ನಾನು ಹೇಳಿಕೊಡುತ್ತೇನೆ. ಆಮೇಲೆ ಒಬ್ಬಳೇ ಕೂತು 35ರಲ್ಲಿ 22 ಕಳೆಯುತ್ತೇನೆ. ಪಾಲಕರ ಸಭೆಯ ಹಿಂದಿನ ದಿನ ಅಲ್ಲಿನ ಮೇಲ್ವಿಚಾರಕಿ ನಗುತ್ತಲೇ ಹೇಳಿದರು, "ಯಾರಾದರೂ ಕೇಳಿದರೆ ಲಂಡನ್‌ನಲ್ಲಿ ಓದಿದ್ದೇನೆ ಅಂತ ಹೇಳಿಬಿಡಿ." ನಾನು ಓದಿದ್ದು ಇದೇ ವಿಜಯಪುರದಲ್ಲಿ, ಗೋಳಗುಮ್ಮಟದ ದಿಕ್ಕಿಗೆ ಕಿಟಕಿ ಇದ್ದ ಕೋಣೆಯಲ್ಲಿ. ಸಭೆಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ ಅನ್ನೋದೇ ನನಗೆ ಈಗಲೂ ಗೊತ್ತಿಲ್ಲ.

ಆಗಸ್ಟಿನಲ್ಲಿ ಒಂದು ದಿನ. ಅಲ್ಲಿ ಕ್ಲಾಸಿಗೆ ಕಾಲಿಟ್ಟ ತಕ್ಷಣ 46 ಮಕ್ಕಳೂ ಎದ್ದು ಒಂದೇ ರಾಗದಲ್ಲಿ ಹಾಡುತ್ತಾರೆ. ಗುಡ್ ಮಾರ್ನಿಂಗ್ ಟೀಚಾ, ಹೌ ಆರ್ ಯೂ? ನಾನು ಐಯಾಮ್ ಫೈನ್ ಅನ್ನಬೇಕು, ಅವರು ಥ್ಯಾಂಕ್ ಯೂ ಟೀಚಾ ಅಂತ ಕೂರಬೇಕು. ಅವತ್ತು ಬಾಯಿಂದ "ಐಯಾಮ್ ಸ್ಯಾಡ್" ಅಂತ ಬಂದುಬಿಟ್ಟಿತು. ಒಂದು ಗಳಿಗೆ ನಿಶ್ಶಬ್ದ. ಆಮೇಲೆ 46 ಜನ ಒಟ್ಟಿಗೆ "ಥ್ಯಾಂಕ್ ಯೂ ಟೀಚಾ" ಅಂತ ಕೂತರು. ನಗಬೇಕೋ ಅಳಬೇಕೋ. ಕ್ಲಾಸು ಬಿಟ್ಟಮೇಲೆ ಕೊನೆ ಬೆಂಚಿನ ಒಂದು ಹುಡುಗಿ, ಅಲ್ಲಿಯವರೆಗೆ ಬಾಯೇ ಬಿಟ್ಟಿರದವಳು, ಮೇಜಿನ ಮೇಲೆ ಕುರುಕಲು ಪೊಟ್ಟಣ ಇಟ್ಟು "ಟೀಚಾ ನೋ ಸ್ಯಾಡ್" ಅಂತ ಓಡಿಹೋದಳು. ಹುರಿದ ಸಮುದ್ರದ ಪಾಚಿ. ತಿನ್ನಬಹುದೋ ಬಾರದೋ ಗೊತ್ತಾಗದೆ ಹಾಗೇ ಇಟ್ಟುಕೊಂಡಿದ್ದೇನೆ.

ಈಗ ಅಕ್ಟೋಬರ್ ರಜೆ. ಈ ತಿಂಗಳು ಏಜೆನ್ಸಿ ಅರ್ಧ ಸಂಬಳ ಮಾತ್ರ ಕೊಡುತ್ತದೆ. ಬನ್ನಿ ಕೊಡಲು ಬಂದವರೆಲ್ಲ "ಬಂಗಾರದಂಗ ಇರವಾ" ಅಂದು, ಮರುಮಾತಿಗೇ "ಫಾರಿನ್ ಸಂಬಳ ಎಷ್ಟ?" ಅಂತಾರೆ. ಅಪ್ಪ ನನಗಿಂತ ಮೊದಲೇ ಉತ್ತರ ಕೊಡುತ್ತಾರೆ, ಅದೂ ಸ್ವಲ್ಪ ಏರಿಸಿ. ಹನ್ನೆರಡು ದಿನಕ್ಕೆ ವಾಪಸ್ ಟಿಕೆಟ್ ಇದೆ. ಸೂಟ್‌ಕೇಸ್ ನೋಡಿದರೆ ಹೊಟ್ಟೆ ತೊಳಸುತ್ತದೆ. ಒಪ್ಪಂದ ಮಾರ್ಚ್‌ವರೆಗೆ ಇದೆ. ಹೋದವರು, ಬಂದವರು ಹೇಳಿ. ಇದು ಎಲ್ಲರಿಗೂ ಆಗುವಂಥದ್ದಾ, ಅಥವಾ ನನಗೆ ಇದು ಒಗ್ಗೋದಿಲ್ಲ ಅಂತಲಾ?

---

ಮುಳುಗಡೆ ಊರಿನವ

ಬಾಗಲಕೋಟೆ ನವನಗರದಿಂದ ಬರೆಯುತ್ತಿದ್ದೇನೆ. ನಾನು ಕೋರಾಟ್ ಕಡೆ ಮೂರು ವರ್ಷ ಪಾಠ ಮಾಡಿದವನು. ಇಸಾನ್‌ನ ಬಾಗಿಲೇ ಅದು, ನಿಮ್ಮ ಸೀಮೆಯೇ. ನಿಮ್ಮ ಜುಲೈ ಓದಿ ನನ್ನ ಜುಲೈ ನೆನಪಾಯಿತು.

ಉಳಿದದ್ದಕ್ಕಿಂತ ಮೊದಲು ಒಂದು ಕೆಲಸದ ಮಾತು. ಬರುವಾಗ ರೀ-ಎಂಟ್ರಿ ಪರ್ಮಿಟ್ ಮಾಡಿಸಿಕೊಂಡು ಬಂದಿದ್ದೀರಾ? ಅದಿಲ್ಲದೆ ದೇಶ ಬಿಟ್ಟರೆ ಆ ವೀಸಾ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿದ್ದರೆ ಹೋಗಲೋ ಬೇಡವೋ ಅನ್ನೋ ಪ್ರಶ್ನೆಯೇ ಬೇರೆ ಆಗುತ್ತದೆ. ಪಾಸ್‌ಪೋರ್ಟ್ ತೆಗೆದು ಮುದ್ರೆ ನೋಡಿ, ಆಮೇಲೆ ಮುಂದಿನದು ಓದಿ.

ನೋಡಿದಿರಾ? ಸರಿ.

ನೀವು ಎರಡು ನೋವನ್ನು ಒಂದೇ ಗಂಟು ಕಟ್ಟಿದ್ದೀರಿ. ನಾನೂ ಅದನ್ನೇ ಮಾಡಿದ್ದೆ. ಬಾಳೆಹಣ್ಣಿನ ರಾತ್ರಿ, ಅವ್ವನಿಗೆ ಹೇಳೋ ಸುಳ್ಳು, ಸೂಟ್‌ಕೇಸ್ ಕಂಡರೆ ಆಗೋ ಸಂಕಟ, ಇದು ಒಂದು. ಇದು ಇಳಿಯುತ್ತದೆ. ನನಗೆ ಡಿಸೆಂಬರ್ ಹೊತ್ತಿಗೆ ಇಳಿಯಿತು. 22 ಮತ್ತು 35ರ ಲೆಕ್ಕ, ಲಂಡನ್ ಮಾತು, ಇದು ಇನ್ನೊಂದು. ಇದು ಎಷ್ಟು ಕಾದರೂ ತಾನಾಗಿ ಇಳಿಯೋದಿಲ್ಲ. ಅದಕ್ಕೆ ನೀವೇ ಏನಾದರೂ ಮಾಡಬೇಕು.

ಮೊದಲನೆಯದಕ್ಕೆ. "ಮಾಂಗ್ಸವಿರತ್" ಅಂದಿದ್ದಿರಾ? ನಮ್ಮ ಮಾಂಸವಿರತಿಯೇ, ಪದ ಚೆಂದ ಇದೆ, ಆದರೆ ಹಳ್ಳಿ ಹೋಟೆಲಲ್ಲಿ ಕೆಲಸಕ್ಕೆ ಬರಲ್ಲ. ಮಾಂಸದ ತುಂಡು ಆರಿಸಿ ತೆಗೆದು ಕೊಡುತ್ತಾರೆ ಅಷ್ಟೇ. "ಜೇ" ಅನ್ನಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರೋ ಅಂಗಡಿ ಹುಡುಕಿ. ಅಲ್ಲಿ ಮೀನಿನ ರಸ ಇರಲ್ಲ, ಮೊಟ್ಟೆ ಇರಲ್ಲ, ಬೆಳ್ಳುಳ್ಳಿ ಕೂಡ ಇರಲ್ಲ. ಬೆಳ್ಳುಳ್ಳಿ ಇಲ್ಲದ ಊಟ ನಮ್ಮ ಕಡೆಯವರಿಗೆ ಊಟವೇ ಅಲ್ಲ, ಗೊತ್ತು. ಅದಕ್ಕೇ ಶೇಂಗಾ ಚಟ್ನಿ ಒಯ್ಯಿರಿ, ಎರಡು ಕೆಜಿ. ಅವರ ಅಂಟನ್ನ ಗೊತ್ತಲ್ಲ, ಬಿದಿರಿನ ಪುಟ್ಟಿಯಲ್ಲಿ ಇಟ್ಟಿರುತ್ತಾರೆ, ಕೈಯಲ್ಲಿ ಉಂಡೆ ಮಾಡಿ ತಿನ್ನೋದು. ಅದಕ್ಕೆ ಶೇಂಗಾ ಚಟ್ನಿ ಹಚ್ಚಿ ನಮ್ಮ ಸ್ಟಾಫ್ ರೂಮಿನ ಹೆಂಗಸರಿಗೆ ಕೊಟ್ಟೆ. ಮರುದಿನ ಒಬ್ಬರು ಡಬ್ಬಿಯನ್ನೇ ತಂದು ಮುಂದೆ ಇಟ್ಟರು.

ಶನಿವಾರ ಕೋಣೆಯಲ್ಲಿ ಕೂರಬೇಡಿ. ನಿಮ್ಮ ಖೊನ್ ಕೇನ್ ಸೀಮೆಯಲ್ಲೇ ಚೊನ್ನಬೋಟ್ ಅಂತ ರೇಷ್ಮೆ ನೇಯುವ ಊರಿದೆ. ನೂಲನ್ನು ಮೊದಲೇ ಕಟ್ಟಿ ಬಣ್ಣ ಅದ್ದಿ ಆಮೇಲೆ ನೇಯುತ್ತಾರೆ. ನಮ್ಮ ತಾಯಿಯ ತವರು ಇಳಕಲ್. ಆ ಮಗ್ಗದ ಸದ್ದು ಕೇಳುತ್ತ ಒಂದು ಕಟ್ಟೆ ಮೇಲೆ ಎರಡು ತಾಸು ಸುಮ್ನೆ ಕೂತಿದ್ದೆ. ಅಲ್ಲಿನ ಮುದುಕಿ "ಕಿನ್ ಖಾವ್ ರು ಯಾಂಗ್?" ಅಂದಳು. ಅನ್ನ ಉಂಡೆಯಾ ಅಂತ. ನಿಮ್ಮ ಅವ್ವ ಫೋನಿನಲ್ಲಿ ಕೇಳೋದೂ ಅದೇ ತಾನೇ?

ಏಪ್ರಿಲ್ 13ಕ್ಕೆ ಅಲ್ಲೇ ಇದ್ದರೆ ಸಾಂಗ್‌ಕ್ರಾನ್, ಅಂದರೆ ಅವರ ಹೊಸ ವರ್ಷದ ಹಬ್ಬ ನೋಡುತ್ತೀರಿ. ಪಿಕಪ್ ಗಾಡಿ ಮೇಲೆ ನೀರಿನ ಬ್ಯಾರಲ್, ದಾರಿ ತುಂಬ ಎರಚಾಟ. ಬಾಗಲಕೋಟೆಯ ಹೋಳಿಯಲ್ಲಿ ಬಂಡಿ, ಟ್ರ್ಯಾಕ್ಟರ್ ಮೇಲೆ ಬಣ್ಣದ ಬ್ಯಾರಲ್ ಇಟ್ಟು ಓಣಿ ಓಣಿ ಸುತ್ತುತ್ತೇವಲ್ಲ, ಥೇಟ್ ಹಾಗೇ. ಬಣ್ಣ ಇಲ್ಲ, ಹಲಗಿ ಇಲ್ಲ, ಅದೊಂದು ಕೊರತೆ.

ಈಗ ಎರಡನೆಯದು. ನನಗೂ ಏಜೆನ್ಸಿಯಲ್ಲಿ ಇದೇ ಕಥೆ, 21,000. ನಾನು ಮಾರ್ಚ್‌ವರೆಗೆ ಮುಗಿಸಿದೆ, ಶಾಲೆಯಿಂದ ಅನುಭವದ ಪತ್ರ ತೆಗೆದುಕೊಂಡೆ, ಮುಂದಿನ ಮೇ ತಿಂಗಳಿಗೆ ಇನ್ನೊಂದು ಶಾಲೆಗೆ ನೇರವಾಗಿ ಸೇರಿದೆ. 28,000 ಸಿಕ್ಕಿತು. ಬಿಳಿ ಮುಖದವರಿಗೆ ಅಲ್ಲಿಯೂ ಜಾಸ್ತಿಯೇ ಇತ್ತು, ಸುಳ್ಳು ಹೇಳಲ್ಲ. ಆದರೆ ನಡುವೆ ತಿನ್ನುವ ಏಜೆನ್ಸಿ ಇರಲಿಲ್ಲ. ಅಲ್ಲಿ ಶಿಕ್ಷಕರ ಪರವಾನಗಿ ಕೊಡೋ ಮಂಡಳಿಯ ಹೆಸರು "ಖುರುಸಪಾ". ಕನ್ನಡದಲ್ಲಿ ಓದಿ: ಗುರುಸಭಾ. ಅವರ ತಾತ್ಕಾಲಿಕ ಅನುಮತಿ ನಿಮ್ಮ ಹೆಸರಿಗೆ ಆಗಿದೆಯೋ ಇಲ್ಲವೋ ಏಜೆನ್ಸಿಯನ್ನು ಕೇಳಿ, ಪ್ರತಿ ಇಸ್ಕೊಳ್ಳಿ. ಅಲ್ಲಿ ವೀಸಾ ಕೆಲಸಕ್ಕೆ ಕಟ್ಟಿರುತ್ತದೆ. ನಡುವೆ ಹೇಳದೆ ಬಿಟ್ಟು ಬಂದರೆ ಮುಂದೆ ಯಾವತ್ತಾದರೂ ಹೋಗಬೇಕು ಅನ್ನಿಸಿದಾಗ ಕಾಗದ ತಕರಾರು ಮಾಡುತ್ತವೆ.

ಲಂಡನ್ ಮಾತಿಗೆ ಮಾತ್ರ ಒಪ್ಪಬೇಡಿ. ನನಗೂ ಹೇಳಿದ್ದರು. ನಾನು ನಕ್ಕು "ಇಂಡಿಯಾ, ಕಪ್" ಅಂದೆ (ಕಪ್ ಅನ್ನೋದು ಅಲ್ಲಿ ಗಂಡಸರು ಮಾತಿನ ಕೊನೆಗೆ ಸೇರಿಸುವ ಮರ್ಯಾದೆಯ ಪದ). ಆ ಪಾಲಕರು ಕೇಳಿದ ಮುಂದಿನ ಪ್ರಶ್ನೆ ಬುದ್ಧಗಯಾಗೆ ಎಷ್ಟು ಖರ್ಚಾಗುತ್ತದೆ ಅಂತ.

ಕೊನೆಗೊಂದು. ಆಲಮಟ್ಟಿ ಹಿನ್ನೀರಿಗೆ ನಮ್ಮ ಮನೆ ಹೋದಮೇಲೆ ಅಜ್ಜಿ ನವನಗರದ ಸೆಕ್ಟರಿಗೆ ಬಂದಳು. ಬಹಳ ವರ್ಷ "ಊರಿಗೆ ಹೋಗಿ ಬರ್ತೇನಿ" ಅಂದರೆ ನೀರಿನ ದಂಡೆಗೆ ಹೋಗಿ ಬರೋದು. "ಮನಿಗೆ ಹೋಗ್ತೇನಿ" ಅಂದರೆ ಸೆಕ್ಟರಿನ ಮನೆ. ಊರು ಬೇರೆ, ಮನೆ ಬೇರೆ ಇಟ್ಟುಕೊಂಡೇ ಬದುಕಿದಳು. ನಾನು ಆ ಮೂರು ವರ್ಷ ಕಳೆದದ್ದೂ ಸುಮಾರು ಹಾಗೇ.

---

ಕುಂದಾನಗರಿ ಹುಡುಗಿ

ಮೇಲಿನವರು ಹೇಳಿದ್ದು ಸರಿ ಇರಬಹುದು. ಆದರೆ ಯಾರಾದರೂ ಇನ್ನೊಂದು ಮಾತೂ ಹೇಳಬೇಕಲ್ವಾ?

ನಾನು ಬೆಳಗಾವಿ, ಟಿಳಕವಾಡಿ. ವಿಯೆಟ್ನಾಮಿನ ಹನೋಯಿಯಲ್ಲಿ ಒಂದು ಟ್ಯೂಷನ್ ಸೆಂಟರಿನಲ್ಲಿ ಎಂಟು ತಿಂಗಳು ಇದ್ದೆ. ಸಂಜೆ ಮತ್ತು ಶನಿವಾರ, ಭಾನುವಾರ ಕ್ಲಾಸು. ಊರೆಲ್ಲ ರಜೆ ಇದ್ದಾಗ ನಮಗೆ ಕೆಲಸ, ನಮಗೆ ಬಿಡುವು ಇದ್ದಾಗ ಮಾತಾಡಲು ಯಾರೂ ಇಲ್ಲ. ನನಗೂ ಇಂಗ್ಲೆಂಡ್ ಅಂತ ಹೇಳಲು ಹೇಳಿದರು. ನಾನು ಹೇಳಿದೆ. ಮೂರು ತಿಂಗಳು ಹೇಳಿದೆ. ಒಬ್ಬ ಚಿಕ್ಕ ಹುಡುಗ "ನಿಮ್ಮೂರಲ್ಲಿ ಹಿಮ ಬೀಳುತ್ತದಾ?" ಅಂದ. ಹೌದು ಅಂದೆ. ಬೆಳಗಾವಿಯಲ್ಲಿ ಮಳೆ ಬೀಳುತ್ತದೆ, ಜುಲೈನಲ್ಲಿ ವಾರಗಟ್ಟಲೆ ಸೂರ್ಯನೇ ಕಾಣಲ್ಲ, ಎಷ್ಟು ಚೆಂದದ ಮಾತು ಹೇಳಬಹುದಿತ್ತು ಆ ಮಗುವಿಗೆ. ಆ ರಾತ್ರಿ ನನ್ನ ಮೇಲೇ ಹೇಸಿಗೆ ಆಯ್ತು.

ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಬಜಾರಿನಲ್ಲಿ ಹಿಂದಿ. "ನೀನು ಯಾವ ಭಾಷೆಯವಳು?" ಅಂತ ಕೇಳಿಸಿಕೊಂಡೇ ಬೆಳೆದವಳು ನಾನು. ಎಲ್ಲಿಯವಳು ಅಂತ ಸುಳ್ಳು ಹೇಳೋ ಗತಿ ಮಾತ್ರ ಇಲ್ಲಿ ಬಂದಿರಲಿಲ್ಲ.

ನವೆಂಬರ್ 20 ಅಲ್ಲಿ ಶಿಕ್ಷಕರ ದಿನ. ಮೇಜು ತುಂಬ ಹೂ. ನಾನು ಹೊರಡುತ್ತೇನೆ ಅಂತ ನೋಟಿಸ್ ಕೊಟ್ಟದ್ದು ಅದಾದ ಮುಂದಿನ ವಾರ. ಹೂ ನೋಡಿ ಮನಸ್ಸು ಬದಲಾಗಲಿಲ್ಲ. ಈಗ ಇಲ್ಲೇ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಸಂಬಳ ಕಡಿಮೆ, ನಿದ್ದೆ ಚೆನ್ನಾಗಿದೆ. ವಾಪಸ್ ಬಂದಿದ್ದಕ್ಕೆ ಒಂದು ತಿಂಗಳು ಜನ ಮಾತಾಡಿದರು, ಆಮೇಲೆ ಪಕ್ಕದ ಓಣಿಯಲ್ಲಿ ಯಾರದೋ ಮದುವೆ ಮುರಿಯಿತು, ನನ್ನನ್ನು ಮರೆತರು.

ನಿಮ್ಮ ಹೊಟ್ಟೆ ತೊಳಸುತ್ತಿದೆ ಅಂದಿರಲ್ಲ, ಅದನ್ನು ಸಣ್ಣದು ಅಂದುಕೊಳ್ಳಬೇಡಿ. ನಿದ್ದೆ, ಊಟ ಎರಡೂ ಇಲ್ಲಿಯೂ ಕೆಟ್ಟಿದ್ದರೆ ಟಿಕೆಟ್ ವಿಷಯ ಆಮೇಲೆ, ಮೊದಲು ಡಾಕ್ಟರ ಹತ್ತಿರ ಹೋಗಿ ಮಾತಾಡಿ.

---

ಜಮಖಂಡಿ ಮಾಸ್ತರ

ನಾನು ವಿದೇಶಕ್ಕೆ ಹೋದವನಲ್ಲ. 1986ರಲ್ಲಿ ಮೊದಲ ನೌಕರಿ ಬೀದರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಇಂಗ್ಲಿಷ್ ಮಾಸ್ತರನಾಗಿ. ಅಲ್ಲಿನವರ ಮಾತು ನನಗೆ ತಿಳಿಯುತ್ತಿರಲಿಲ್ಲ, ನನ್ನ ಮಾತಿಗೆ ಮಕ್ಕಳು ನಗುತ್ತಿದ್ದರು. ಫೋನೂ ಇಲ್ಲ. ದೀಪಾವಳಿಗೆ ಬಂದವನು ಮತ್ತೆ ಹೋಗಲ್ಲ ಅಂತ ಹಟ ಹಿಡಿದೆ. ನಮ್ಮ ತಂದೆ ಬಸ್ ಸ್ಟ್ಯಾಂಡಿಗೆ ಕರೆತಂದು ಸೀಟು ಹಿಡಿದು ಕೂರಿಸಿ ಹೋದರು. ಅದು ಒಳ್ಳೆ ರೀತಿ ಅಂತ ನಾನು ಹೇಳಲ್ಲ. ಆ ಕಾಲ ಹಾಗಿತ್ತು.

ನಿಮ್ಮ ಸಂಬಳ, ವೀಸಾ ನನಗೆ ತಿಳಿಯೋದಿಲ್ಲ. ಒಂದೇ ಪ್ರಶ್ನೆ. ರಜೆಗೆ ಬರುವಾಗ ಕ್ಲಾಸಿನಲ್ಲಿ ಏನು ಹೇಳಿ ಬಂದಿರಿ? ಮತ್ತೆ ಆ ಹುಡುಗಿ ಆಮೇಲೆ ಮಾತಾಡಿದಳಾ?

---

ಬಿಜಾಪುರದ ಟೀಚಾ

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಉತ್ತರ ಕೊಡಲಿಲ್ಲ, ಓದಿದ್ದನ್ನೇ ಓದುತ್ತಿದ್ದೆ.

ಮುದ್ರೆ ಇದೆ. ರೀ-ಎಂಟ್ರಿ ಮಾಡಿಸಿದ್ದೆ, ಮರೆತುಬಿಟ್ಟಿದ್ದೆ. ಪಾಸ್‌ಪೋರ್ಟ್ ಹುಡುಕುವಾಗ ಆ ಪಾಚಿ ಪೊಟ್ಟಣವೂ ಸಿಕ್ಕಿತು, ಅರ್ಧ ಪುಡಿಯಾಗಿದೆ. ಅವ್ವ "ಇದೇನು?" ಅಂದಳು. ಅದನ್ನು ಹೇಳಲು ಹೋಗಿ ಎಲ್ಲ ಹೇಳಿದೆ. ಬಾಳೆಹಣ್ಣು, 22,000, ಎಲ್ಲ. ಅವಳು ಬೈಯಲಿಲ್ಲ. "ಮತ್ತ ಉಂಡೆ ಅಂತ ಯಾಕ ಅಂತಿದ್ದಿ?" ಅಂತ ಅದೊಂದನ್ನೇ ಮೂರು ಸಲ ಕೇಳಿದಳು. ಅಪ್ಪನಿಗೆ ಇನ್ನೂ ಹೇಳಿಲ್ಲ. ಅವರು ಏರಿಸಿ ಹೇಳಿದ ಸಂಬಳವನ್ನು ಇಳಿಸಲು ಸ್ವಲ್ಪ ಟೈಮ್ ಬೇಕು.

ಕುಂದಾನಗರಿ ಅಕ್ಕ, ಹಿಮದ ಮಾತು ಓದಿ ಗಂಟಲು ಕಟ್ಟಿತು. ಇಲ್ಲಿ ನಿದ್ದೆ ಬರುತ್ತಿದೆ, ಮೂರು ರೊಟ್ಟಿ ಇಳಿಯುತ್ತಿವೆ. ಮತ್ತೆ ಕೆಟ್ಟರೆ ನಿಮ್ಮ ಮಾತಿನಂತೆ ಮಾಡುತ್ತೇನೆ. ಪಾಲಕರ ಮುಂದಿನ ಸಭೆ ಫೆಬ್ರವರಿಯಲ್ಲಿ. ಊರಿನ ಹೆಸರು ಸರಿಯಾಗಿ ಹೇಳುತ್ತೇನೆ. ಗುಮ್ಮಟದ ಫೋಟೋ ಕೂಡ ತೋರಿಸುತ್ತೇನೆ, ಯಾರೂ ಕೇಳದಿದ್ದರೂ.

ಮಾಸ್ತರ, ಕೊನೆಯ ದಿನ ಬೋರ್ಡಿನ ಮೇಲೆ "ಸೀ ಯೂ ಇನ್ ನವೆಂಬರ್" ಅಂತ ಬರೆದೆ. ನಾನು ಒಂದು ಸಲ ಓದಿದೆ, ಅವರು ಮೂರು ಸಲ ಓದಿದರು. ಆ ಹುಡುಗಿ ಆಮೇಲೂ ಮಾತಾಡಿಲ್ಲ. ಆದರೆ ಅವತ್ತು ಅವಳ ತುಟಿ ಅಲ್ಲಾಡುತ್ತಿತ್ತು, ನಾನು ನೋಡಿದೆ.

ಏಜೆನ್ಸಿಗೆ ಅನುಮತಿಯ ಪ್ರತಿ ಕೇಳಿ ಮೇಲ್ ಹಾಕಿದ್ದೇನೆ. ಮುಳುಗಡೆ ಊರಿನ ಅಣ್ಣ, ಇನ್ನೊಂದು ಕೇಳಬೇಕು. ಅವ್ವ 60 ಖಡಕ್ ರೊಟ್ಟಿ ಮಾಡಿಡುತ್ತೇನೆ ಅಂತಿದ್ದಾಳೆ. ಆ ಸೆಕೆಯಲ್ಲಿ ಮೆತ್ತಗಾಗಲ್ವಾ?

---

ಮುಳುಗಡೆ ಊರಿನವ

ನವೆಂಬರಿಗೆ ಅಲ್ಲಿ ಮಳೆ ಮುಗಿದು ಗಾಳಿ ಒಣಗಿರುತ್ತದೆ, ಫೆಬ್ರವರಿವರೆಗೆ ಚಿಂತೆ ಇಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡಬೇಡಿ, ಹಳೇ ಧೋತರದಲ್ಲಿ ಸುತ್ತಿಡಿ. ಸೂಟ್‌ಕೇಸಿಗೆ ಹಾಕಿದರೆ ಪುಡಿಯಾಗುತ್ತವೆ, ಕೈಚೀಲದಲ್ಲೇ ಒಯ್ಯಿರಿ. ಮತ್ತೆ 60 ಸಾಲಲ್ಲ, 100 ಮಾಡಿಸಿ. ಸ್ಟಾಫ್ ರೂಮಿನವರು ಬಿಡಲ್ಲ.